ಚಿಕಾಗೋ ಎಂಬ ಉಳ್ಳಿ

ಚಿಕಾಗೋ ಎಂದೊಡನೆ ನಮಗೆ 1893, ವಿವೇಕಾನಂದರು, ಸರ್ವಧರ್ಮ ಸಮ್ಮೇಳನ ನೆನಪಾಗುತ್ತವೆ. ಆ ಹೆಸರಿನ ಸಿಪ್ಪೆ ಸುಲಿದರೆ ಮಾತ್ರ ಮೂಗಿಗೆ ಬಡಿಯುವುದು ಉಳ್ಳಿಯ ಘಾಟು. ಅಲ್ಲಿನ ಮೂಲನಿವಾಸಿಗಳ ಮಯಾಮಿ-ಇಲಿನಾಯ್ ನುಡಿಯಲ್ಲಿ ‘ಶಿಕಾಕ್ವಾ’ ಎಂದರೆ ಕಾಡಿನಲ್ಲಿ ತಾನಾಗಿ ಬೆಳೆಯುವ ಒಂದು ಉಳ್ಳಿ. ಗಬ್ಬುನಾತ ಚಿಮ್ಮಿಸುವ ಸ್ಕಂಕ್ ಎಂಬ ಪ್ರಾಣಿಗೂ ಅದೇ ಹೆಸರು. ಹೆಸರಿಟ್ಟವರ ಮೂಗು ಚುರುಕಾಗಿತ್ತು. 1687-88ರಲ್ಲಿ ಆ ಕಡೆ ಅಲೆದಾಡಿದ ಫ್ರೆಂಚ್ ಪಯಣಿಗ ಆನ್ರಿ ಜುತೆಲ್, ಕಾಡಿನ ತುಂಬ ಬೆಳೆದ ಬೆಳ್ಳುಳ್ಳಿಯಿಂದ ಊರಿಗೆ ಈ ಹೆಸರು ಬಂತೆಂದು ಬರೆದಿಟ್ಟಿದ್ದಾನೆ.

ಸಸ್ಯಶಾಸ್ತ್ರಿಗಳಿಗೆ ಅದು ಅಲಿಯಂ ಟ್ರೈಕಾಕಮ್, ಅಪಲಾಚಿಯನ್ ಬೆಟ್ಟಗಳ ಜನಕ್ಕೆ ‘ರ‍್ಯಾಂಪ್’. ಕನ್ನಡದಲ್ಲಿ ಏನೆನ್ನೋಣ? ‘ಕಾಡು ಈರುಳ್ಳಿ’ ಎಂದುಬಿಡಬಹುದಿತ್ತು, ಆದರೆ ಆ ಹೆಸರು ಆಗಲೇ ನಮ್ಮ ಬಯಲಿನ ಇನ್ನೊಂದು ಗಡ್ಡೆಯ ಪಾಲಾಗಿದೆ. ನೋಡಲು ಥೇಟು ಈರುಳ್ಳಿ, ವಾಸನೆಯಿಲ್ಲ, ಬರೀ ಕಹಿ. ಹಿಂದೆ ಕೆಮ್ಮಿನ ಔಷಧಿಗೆ ಸೇರುತ್ತಿದ್ದದ್ದು ನಿಜ, ಆದರೆ ಹೃದಯದ ಬಡಿತವನ್ನೇ ಕೆಡಿಸುವ ವಿಷ ಅದರಲ್ಲಿದೆ. ಒಗ್ಗರಣೆಗೆ ಹಾಕಿದರೆ ಮುಗಿಯಿತು ಕಥೆ. ಹಾಗಾಗಿ ನಾನು ‘ಉಳ್ಳಿ’ ಎಂದಷ್ಟೇ ಅನ್ನುತ್ತೇನೆ. ಬೆಳ್ಳುಳ್ಳಿ, ಕರಾವಳಿಯ ನೀರುಳ್ಳಿ, ಬಡಗಣದ ಉಳ್ಳಾಗಡ್ಡಿ ಎಲ್ಲದರಲ್ಲೂ ಕೂತಿರುವ ಈ ಪುಟ್ಟ ಪದಕ್ಕೆ ದೂರದ ನೆಂಟನೊಬ್ಬ ಹೆಚ್ಚಾದರೆ ಭಾರವೇನಲ್ಲ.

ಈ ನೆಂಟನಿಗೆ ಮೇಪಲ್, ಬೀಚ್ ಮರಗಳ ಬುಡದ ತೇವದ ಮಣ್ಣೇ ಆಗಬೇಕು. ಹಿಮ ಕರಗಿ, ಮೇಲಿನ ಮರಗಳು ಚಿಗುರಿ ನೆರಳು ಕವಿಯುವ ಮೊದಲೇ ಅಗಲವಾದ ಎಲೆ ಬಿಟ್ಟು ಬಿಸಿಲು ಹೀರಿಕೊಳ್ಳುತ್ತದೆ. ಬೇಸಿಗೆ ಬರುವಷ್ಟರಲ್ಲಿ ಎಲೆ ಬಾಡಿ, ಬೋಳು ದಂಟಿನ ತುದಿಯಲ್ಲಿ ಬಿಳಿ ಹೂಗೊಂಚಲು. ಬೆಟ್ಟದ ಮನೆಗಳಲ್ಲಿ ಹಂದಿಯ ಕೊಬ್ಬಿನಲ್ಲಿ ಆಲೂಗಡ್ಡೆ, ಮೊಟ್ಟೆಯ ಜೊತೆ ಬಾಡಿಸುತ್ತಾರೆ. ಚಳಿಗಾಲವಿಡೀ ಒಣ ದಿನಸಿಯಲ್ಲೇ ದಿನ ದೂಡಿದವರಿಗೆ ಅದು ವರ್ಷದ ಮೊದಲ ಸೊಪ್ಪು. ಈಗ ಪೇಟೆಯ ದೊಡ್ಡ ಹೋಟೆಲುಗಳಿಗೂ ಅದರ ಹುಚ್ಚು ಹಿಡಿದಿದೆ. ಬೀಜದಿಂದ ಬೆಳೆದು ಬಲಿಯಲು ಐದಾರು ವರ್ಷ ಬೇಕು, ಗಡ್ಡೆಸಮೇತ ಕೀಳಲು ಒಂದು ಗಳಿಗೆ ಸಾಕು. ಕೆನಡಾದ ಕ್ವಿಬೆಕ್‌ನಲ್ಲಿ 1995ರಿಂದ ಮಾರಾಟ ನಿಷೇಧ; ಮನೆಬಳಕೆಗೆ ಒಬ್ಬರಿಗೆ ವರ್ಷಕ್ಕೆ 50 ಗಡ್ಡೆ.

ಅಲ್ಲಿನ ಕಾಡಿನಲ್ಲೂ ಮೋಸದ ಗಿಡಗಳಿವೆ. ಲಿಲಿ ಆಫ್ ದಿ ವ್ಯಾಲಿಯ ಎಲೆ ಹೆಚ್ಚುಕಡಿಮೆ ಇದರಂತೆಯೇ, ಆದರೆ ವಿಷ. ಎಲೆ ಹಿಸುಕಿ ಮೂಸು, ಉಳ್ಳಿ ಘಾಟು ಬಂದರೆ ಸರಿ ಎನ್ನುತ್ತಾರೆ ಬಲ್ಲವರು. ತೊಡಕು ಒಂದೇ. ನಾಲ್ಕು ಎಲೆ ಕಿತ್ತ ಮೇಲೆ ಕೈಯೇ ಘಾಟು ಹೊಡೆಯುತ್ತದೆ, ಐದನೆಯದು ಯಾವ ಗಿಡದ್ದಾದರೂ ಮೂಗಿಗೆ ಅದು ಶಿಕಾಕ್ವಾ.