‘ಬೇಜಾರು’ ಎಂದರೆ ಥೆರಪಿಸ್ಟ್‌ಗೆ ಅರ್ಥವಾಗುತ್ತದೆಯೇ?

ಪುಣೆಯಲ್ಲೋ ದೆಹಲಿಯಲ್ಲೋ ಇರುವ ನೀವು ಮೊದಲ ಸಲ ಮನಶ್ಶಾಸ್ತ್ರಜ್ಞರ ಮುಂದೆ ಕೂತು ‘ಬೇಜಾರು’ ಎನ್ನುತ್ತೀರಿ. ಹಿಂದಿ, ಮರಾಠಿ ಕಿವಿಗೆ ಅದು ‘ರೋಸಿಹೋಗಿದೆ’ ಎಂದು ಕೇಳಿಸುತ್ತದೆ. ನಮಗೋ ಹೊತ್ತು ಹೋಗದಿದ್ದರೂ ಬೇಜಾರು, ಮಗ ಫೋನ್ ಮಾಡದಿದ್ದರೂ ಬೇಜಾರು, ಹತ್ತಿರದವರು ತೀರಿಕೊಂಡರೂ ಬೇಜಾರು. ಔಷಧಿಯ ಮಾಹಿತಿಯನ್ನು ಕನ್ನಡಕ್ಕೆ ತರುವಾಗ ನನಗೆ ಅತಿ ಹೆಚ್ಚು ತೊಡಕು ಕೊಡುವ ಪದವೂ ಇದೇ.

ಹಾಗಾಗಿ ಪದ ಹುಡುಕುತ್ತ ಕೂರಬೇಡಿ, ನಡೆದದ್ದನ್ನು ಹೇಳಿ. ಬೆಳಗಿನ ಜಾವ ಎಷ್ಟು ಗಂಟೆಗೆ ಎಚ್ಚರವಾಗುತ್ತದೆ? ಊಟ ಸೇರುತ್ತಿದೆಯೇ? ಇಷ್ಟದ ಕೆಲಸ ಬಿಟ್ಟು ಎಷ್ಟು ದಿನವಾಯಿತು? ಮಂಕುತನ ಅಥವಾ ನಿರಾಸಕ್ತಿ ದಿನದ ಬಹುಹೊತ್ತು, ಹೆಚ್ಚುಕಡಿಮೆ ಪ್ರತಿದಿನ, 2 ವಾರ ಮುಂದುವರಿದರೆ ಅದು ಖಿನ್ನತೆ ಇರಬಹುದೇ ಎಂದು ತಜ್ಞರು ಪರಿಶೀಲಿಸುತ್ತಾರೆ. ಎದೆ ಭಾರ, ತಲೆ ಜುಮ್ಮೆನ್ನುವುದು ಇದ್ದರೆ ಅದನ್ನೂ ಹೇಳಿ.

ಬರೀ ಮಾತಿನಿಂದ ಏನಾಗುತ್ತದೆ?

ಹೆಚ್ಚು ಬಳಕೆಯಲ್ಲಿರುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ (ಸಿಬಿಟಿ) 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರ ಕೆಲಸದಿಂದ ಬೆಳೆದದ್ದು. ಉದಾಹರಣೆಗೆ, ನಿಮ್ಮ ಮೆಸೇಜಿಗೆ ಮೇಲಧಿಕಾರಿ ಉತ್ತರಿಸಲಿಲ್ಲ. ‘ನನ್ನ ಕೆಲಸ ಹೋಯಿತು’ ಎಂಬ ಯೋಚನೆ ಮಿಂಚಿತು, ಹೊಟ್ಟೆ ತೊಳಸಿತು, ಮರುದಿನ ರಜೆ ಹಾಕಿದಿರಿ. ಆ ಯೋಚನೆಗೆ ಆಧಾರವೇನು, ಬೇರೆ ಕಾರಣ ಇರಬಹುದೇ ಎಂದು ಥೆರಪಿಸ್ಟ್ ನಿಮ್ಮ ಜೊತೆ ಸೇರಿ ನೋಡುತ್ತಾರೆ. ಮುಂದಿನ ಭೇಟಿಯೊಳಗೆ ಇಂಥದ್ದನ್ನು ಬರೆದಿಡಲು ಹೇಳುತ್ತಾರೆ. ಭೇಟಿ ಸುಮಾರು 50 ನಿಮಿಷ. ನಿಜವಾದ ಅಭ್ಯಾಸ ನಡೆಯುವುದು ಉಳಿದ ವಾರದಲ್ಲಿ. ಮಾತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆದರೂ ಈ ಟಿಪ್ಪಣಿ ಕನ್ನಡದಲ್ಲಿರಲಿ. ಯೋಚನೆ ಮಿಂಚುವುದು ಆ ಭಾಷೆಯಲ್ಲೇ ತಾನೆ!

ಮಾತ್ರೆ ಬಿಡಬಹುದೇ?

ಥೆರಪಿ ಶುರುವಾಯಿತೆಂದು ಮಾತ್ರೆ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್‌ನಂಥ ಔಷಧಿಗಳ ಪರಿಣಾಮ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಖಿನ್ನತೆ ವಾಸಿಯಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸುವುದು ವಾಡಿಕೆ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಡೋಸ್ ಇಳಿಸುವುದನ್ನು ಮನೋವೈದ್ಯರು ಹೇಳಬೇಕು, ಮನಶ್ಶಾಸ್ತ್ರಜ್ಞರಲ್ಲ.

ಮನೆಯವರಿಗೆ

ಜೊತೆಗೆ ಹೋಗಿ, ಹೊರಗೆ ಕೂತಿರಿ. ಊರಿಂದ ಬಂದ ಅತ್ತೆಗೆ ಹಿಂದಿ ಬಾರದು ಎಂದು ಸೊಸೆಯೇ ದುಭಾಷಿಯಾದರೆ, ಸೊಸೆಯ ಬಗ್ಗೆ ಹೇಳಬೇಕಾದದ್ದನ್ನು ಅತ್ತೆ ಹೇಗೆ ಹೇಳಿಯಾರು? ಕನ್ನಡ ಬಲ್ಲವರನ್ನು ಆನ್‌ಲೈನ್‌ನಲ್ಲಾದರೂ ಹುಡುಕಿ. ‘ಒಳಗೆ ಏನು ಹೇಳಿದಿರಿ?’ ಎಂದು ಕೆದಕಬೇಡಿ. ಮಾಹಿತಿಯ ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು. ಜೀವಕ್ಕೆ ಅಪಾಯವಿದ್ದಂಥ ಸಂದರ್ಭಗಳು ಇದಕ್ಕೆ ಹೊರತು.

ಸಾಯುವ ಮಾತು ಬಂದರೆ ಮುಂದಿನ ಭೇಟಿಗೆ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ ಅಥವಾ 112ಕ್ಕೆ ಕರೆಮಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಭಾಷೆ ಆರಿಸುವಾಗ ಕನ್ನಡ ಕೇಳಿ.