ಕುಂದಾಪುರದ ಸೀಮೆಯ ಕ್ರೈಸ್ತರಲ್ಲಿ ಕಾದಂಬರೀ ವಾಚನ

ನಮ್ಮ ಸಾಹಿತ್ಯಚರಿತ್ರಕಾರರು ಗ್ರಂಥಕರ್ತರನ್ನು ಎಣಿಸಿದಷ್ಟು ಶ್ರದ್ಧೆಯಿಂದ ವಾಚಕರನ್ನು ಎಣಿಸಿದುದಿಲ್ಲ. ಕವಿಯ ಕಾಲ, ಆಶ್ರಯದಾತ, ಗುರುಪರಂಪರೆ ಇವುಗಳ ವಿಚಾರವಾಗಿ ನೂರಾರು ಪುಟಗಳು ಬರೆಯಲ್ಪಟ್ಟಿವೆ. ಆದರೆ ಆ ಕವಿಯ ಗ್ರಂಥವು ಯಾವ ಮನೆಯಿಂದ ಯಾವ ಮನೆಗೆ ಹೋಯಿತು, ಯಾರು ಯಾರಿಗೆ 'ಇದನ್ನೊಮ್ಮೆ ಓದಿರಿ' ಎಂದು ಕೈಗಿತ್ತರು ಎಂಬುದನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಈ ಲೋಪವು ವಿಶೇಷವಾಗಿ ಬಾಧಕವಾಗಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಕ್ರೈಸ್ತವಾಚಕರ ಉದಾಹರಣೆಯನ್ನು ಹಿಡಿದು, ಆ ಲೋಪವನ್ನು ಸ್ವಲ್ಪಮಟ್ಟಿಗಾದರೂ ತೋರಿಸಿಕೊಡಬೇಕೆಂಬುದು ಈ ಲೇಖನದ ಉದ್ದೇಶ. ವಾಚಕರ ಬಳಗವನ್ನು ಕಟ್ಟಿದುದು ಮತವೋ, ಮನೆಮಾತೋ, ಲಿಪಿಯೋ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ. ಲಿಪಿಯೇ ಎಂಬುದು ನಮ್ಮ ಅಭಿಪ್ರಾಯ.

ಮೊದಲು 'ಕಾದಂಬರಿ' ಎಂಬ ಶಬ್ದವನ್ನು ಕುರಿತು ಒಂದು ಮಾತು. ಬಾಣಭಟ್ಟನ ಗದ್ಯಕಾವ್ಯದ ಹೆಸರು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಒಂದು ಸಾಹಿತ್ಯಪ್ರಕಾರಕ್ಕೇ ಸಂಜ್ಞೆಯಾಗಿ ನಿಂತಿದೆ. ತಂದೆಯು ಮುಗಿಸದೆ ಬಿಟ್ಟುಹೋದ ಆ ಕಥೆಯನ್ನು ಮಗನು ಪೂರೈಸಿದನೆಂಬುದು ಪಂಡಿತರೆಲ್ಲರಿಗೂ ವಿದಿತವಷ್ಟೆ. ನಾಗವರ್ಮನು ಅದನ್ನು ಕನ್ನಡದ ಚಂಪುವಾಗಿಸಿದನು. ಹೀಗೆ ಈ ಹೆಸರಿನಲ್ಲಿಯೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುವ ಸ್ವಭಾವವಿದೆಯೆಂದು ವಿನೋದಕ್ಕಾಗಿ ಹೇಳಬಹುದು. ಗೋವೆಯ ಕೊಂಕಣಿಗರಾದರೋ ಪೋರ್ತುಗೀಸರಿಂದ ಕಲಿತು ಇದನ್ನೇ 'ರೊಮಾನ್ಸ್' ಎಂದರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು 'ಕಾದಂಬರಿ' ಎಂದೇ ಹೇಳುತ್ತಾರೆ. ಭಾಷೆ ಒಂದೇ, ಮತವೂ ಒಂದೇ. ಸಂಜ್ಞೆ ಮಾತ್ರ ಭಿನ್ನವಾಯಿತು. ಈ ಭೇದದ ಬೀಜವನ್ನು ಮುಂದೆ ನೋಡುವೆವು.

ಈ ಸೀಮೆಯ ಕ್ರೈಸ್ತರು ಏಕರೂಪರಲ್ಲ. ಗೋವೆಯಿಂದ ಬಂದು ನೆಲಸಿದ ಕೊಂಕಣಿ ಮಾತಿನ ಕಥೋಲಿಕರು ಹೆಚ್ಚಿನವರು. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯು ಕ್ರಿ. ಶ. ೧೫೭೦ರದೆಂದು ಅಲ್ಲಿನವರ ಹೇಳಿಕೆ. ಬ್ರಹ್ಮಾವರದಲ್ಲಿ ಇನ್ನೊಂದು ಕವಲುಂಟು. ಪೋರ್ತುಗೀಸ್ ದೊರೆಯ ಪಾದ್ರುವಾದೋ ಅಧಿಕಾರವೋ, ರೋಮಿನ ಪ್ರೊಪಗಾಂದಾ ಅಧಿಕಾರವೋ ಎಂಬ ವ್ಯಾಜ್ಯವು ೧೮೮೬ರ ಒಡಂಬಡಿಕೆಯ ತರುವಾಯ ತೀವ್ರವಾಗಿ, ಕೆಲವು ಕುಟುಂಬಗಳು ರೋಮಿನ ಸಂಬಂಧವನ್ನು ತೊರೆದು ಸಿರಿಯನ್ ಸಭೆಯನ್ನು ಸೇರಿದುವು. ೧೮೮೯ರಲ್ಲಿ ಮಾರ್ ಯೂಲಿಯುಸ್ ಎಂಬ ಹೆಸರಿನಿಂದ ಬಿಷಪರಾಗಿ ಅಭಿಷಿಕ್ತರಾದ ಗೋವೆಯ ಅಲ್ವಾರಿಸರು ಇವರ ಮುಖಂಡರು. ಈ ಅಲ್ವಾರಿಸರು ಪತ್ರಿಕಾಕರ್ತರೂ ಆಗಿದ್ದರು. ಅವರು ಪ್ರಕಟಿಸಿದ ಪತ್ರಿಕೆಗಳೇ ಅವರ ಮೇಲಿನ ಕೋಪಕ್ಕೆ ಬಹುಮಟ್ಟಿಗೆ ಕಾರಣವಾದುವೆಂಬುದನ್ನು ವಾಚಕರು ಗಮನಿಸಬೇಕು. ಉಡುಪಿಯ ಆಸುಪಾಸಿನಲ್ಲಿ ಬಾಸೆಲ್ ಮಿಶನಿನ ಪ್ರೊಟೆಸ್ಟಂಟ್ ಸಭೆಗಳೂ ಇದ್ದುವು. ಇವರ ಮಾತು ತುಳು ಅಥವಾ ಕನ್ನಡ. ಮೂರು ಸಭೆಗಳು, ಮೂರು ಆರಾಧನಾಕ್ರಮಗಳು.

ಕಾದಂಬರಿಗೆ ಮುಂಚೆ ಇವರಲ್ಲಿ ಕಥಾವಾಚನವಿತ್ತೇ? ಇತ್ತು. ೧೫೭೯ರಲ್ಲಿ ಗೋವೆಗೆ ಬಂದ ಆಂಗ್ಲ ಜೆಸುಯಿಟ್ ಪಾದ್ರಿ ತೋಮಸ್ ಸ್ಟೀಫನ್ಸರು ಮರಾಠಿಯಲ್ಲಿ, ಕೊಂಕಣಿಯ ಬೆರಕೆಯೊಡನೆ, ಹತ್ತುಸಾವಿರಕ್ಕೂ ಮಿಕ್ಕ ಓವಿಗಳಲ್ಲಿ 'ಕ್ರಿಸ್ತಪುರಾಣ'ವನ್ನು ರಚಿಸಿದರು. ಅದು ೧೬೧೬, ೧೬೪೯, ೧೬೫೪ ಹೀಗೆ ಮೂರು ಸಾರಿ ಅಚ್ಚಾಯಿತು. ಆ ಮುದ್ರಣಗಳ ಒಂದು ಪ್ರತಿಯೂ ಇಂದು ಉಳಿದಿಲ್ಲ. ಗ್ರಂಥವು ಉಳಿದುಬಂದುದು ಕೈಬರಹದ ಪ್ರತಿಗಳಿಂದ. ಮಂಗಳೂರಿನ ಜೆ. ಎಲ್. ಸಲ್ಡಾನ್ಹರು ೧೯೦೭ರಲ್ಲಿ ಇದನ್ನು ಸಂಪಾದಿಸಿ ಪ್ರಕಟಿಸಿದಾಗ ಅವರಿಗೆ ಆಧಾರವಾದುವು ಇಂಥ ಹಸ್ತಪ್ರತಿಗಳೇ. ಮುದ್ರಣಗಳು ನಶಿಸಿ ಹಸ್ತಪ್ರತಿಗಳು ಉಳಿದುವೆಂದರೆ, ಪ್ರತಿಮಾಡಿದವರು ಅದನ್ನು ಕಪಾಟಿನಲ್ಲಿಡಲು ಮಾಡಿದುದಲ್ಲ, ಓದುವುದಕ್ಕೂ ಓದಿ ಹೇಳುವುದಕ್ಕೂ ಮಾಡಿದರೆಂದು ಊಹಿಸಬೇಕಾಗುತ್ತದೆ. ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ, ಸೆರೆಯಲ್ಲಿದ್ದವರಿಗೆ ಈ ಪುರಾಣವೇ ಸಮಾಧಾನವಾಗಿತ್ತೆಂಬ ಐತಿಹ್ಯವಿದೆ. ನಮ್ಮಲ್ಲಿ ಗದುಗಿನ ಭಾರತವನ್ನೋ ಜೈಮಿನಿಯನ್ನೋ ಒಬ್ಬರು ವಾಚಿಸಿ ಇನ್ನೊಬ್ಬರು ಅರ್ಥ ಹೇಳುತ್ತಿದ್ದ ರೀತಿಯನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದುದು ಏನೂ ತೋರಲಾರದು. ಸ್ಟೀಫನ್ಸರು 'ಪುರಾಣ' ಎಂಬ ಹೆಸರನ್ನೂ ಓವಿಯ ಛಂದಸ್ಸನ್ನೂ ಆರಿಸಿಕೊಂಡುದೇ ಈ ಶ್ರವಣಸಂಪ್ರದಾಯವನ್ನು ಅರಿತು.

ಆದರೆ ಸಲ್ಡಾನ್ಹರ ಮುದ್ರಣವು ರೋಮನ್ ಲಿಪಿಯಲ್ಲಿದೆ. ಇಲ್ಲಿಯೇ ನಮ್ಮ ವಿಷಯದ ಗಂಟು ಇರುವುದು. ಶಾಲೆಗಳಲ್ಲಿ ಕನ್ನಡವನ್ನು ಕಲಿತ ಕುಂದಾಪುರದ ಸೀಮೆಯ ಕೊಂಕಣಿ ಗೃಹಸ್ಥನಿಗೂ ಅವನ ಹೆಂಗಸರಿಗೂ ಆ ಅಕ್ಷರಗಳು ಕಾಲಕ್ರಮೇಣ ದೂರವಾದುವು. ಕನ್ನಡದ ಅಕ್ಷರಗಳು ಹತ್ತಿರವಾದುವು.

ಈ ಸಾಮೀಪ್ಯಕ್ಕೆ ಮುಖ್ಯಕಾರಣರು ಕಥೋಲಿಕರಲ್ಲ, ಬಾಸೆಲ್ ಮಿಶನಿನವರು ಎಂಬುದು ಒಂದು ವಿಚಿತ್ರ. ೧೮೩೪ರಲ್ಲಿ ಮಂಗಳೂರಿಗೆ ಬಂದ ಇವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಾಲಯವನ್ನು ಸ್ಥಾಪಿಸಿದರು. ೧೮೪೩ರ ಜುಲೈ ೧ರಂದು ಹೆರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ'ವು ಹೊರಟಿತು. ತುಳುವಿನ ಹೊಸ ಒಡಂಬಡಿಕೆಯನ್ನು ೧೮೪೭ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚುಹಾಕಿದರು. ತುಳುವಿಗೆ ಕನ್ನಡ ಲಿಪಿಯು ಮುದ್ರಣದಲ್ಲಿ ನೆಲೆಯೂರಿದುದು ಹೀಗೆ. ಜೆಸುಯಿಟ್ ಪಾದ್ರಿ ಮಾಫೇಯಿಯವರ ಕೊಂಕಣಿ ವ್ಯಾಕರಣ (೧೮೮೨) ಮತ್ತು ಇಂಗ್ಲಿಷ್–ಕೊಂಕಣಿ ನಿಘಂಟು (೧೮೮೩) ಇವುಗಳೂ ಅಚ್ಚಾದುದು ಅದೇ ಪ್ರೊಟೆಸ್ಟಂಟರ ಮುದ್ರಾಲಯದಲ್ಲಿ! ಉಪದೇಶಪೀಠದ ಮೇಲೆ ಪರಸ್ಪರ ಖಂಡಿಸುತ್ತಿದ್ದವರು ಅಚ್ಚಿನ ಮೊಳೆಗಳ ಮುಂದೆ ಒಂದಾದರು.

ಬನ್ಯನನ ಪ್ರಸಿದ್ಧ ರೂಪಕಕಥೆಯು 'ಯಾತ್ರಿಕನ ಸಂಚಾರ'ವೆಂದು ೧೮೪೭ರ ಹೊತ್ತಿಗೆ ಕನ್ನಡಕ್ಕೆ ಬಂದಿತ್ತು. ಹೊಸಗನ್ನಡದಲ್ಲಿ ಕಾದಂಬರಿಯ ಮುನ್ನೆಲೆಯನ್ನು ಹುಡುಕುವವರು ಇದನ್ನು ಒಂದು ಅನುವಾದವೆಂದು ಹೆಸರಿಸಿ ಮುಂದೆ ಸಾಗುತ್ತಾರೆ. ಅಷ್ಟರಿಂದ ತೃಪ್ತಿಯಿಲ್ಲ. ಗುಣದೋಷಗಳೇ ಪಾತ್ರಗಳಾಗಿ ನಡೆದಾಡುವ ಕಥೆಯು ಸಂಸ್ಕೃತಜ್ಞರಿಗೆ ಹೊಸದಲ್ಲ. ಕೃಷ್ಣಮಿಶ್ರನ 'ಪ್ರಬೋಧಚಂದ್ರೋದಯ'ದಲ್ಲಿ ವಿವೇಕನೂ ಮಹಾಮೋಹನೂ ಯುದ್ಧ ಮಾಡುತ್ತಾರೆ. ಆದರೆ ಅಲ್ಲಿ ಜಯವು ತತ್ತ್ವಕ್ಕೆ. ಇಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಹೊರಟ ಒಬ್ಬ ಸಾಮಾನ್ಯ ಮನುಷ್ಯನ ಅಂಜಿಕೆ, ಬಳಲಿಕೆ, ದಾರಿತಪ್ಪುವಿಕೆಗಳು ಕಥೆಯನ್ನು ನಡೆಯಿಸುತ್ತವೆ. ಮನೆಮಂದಿಯಿಂದ ಬೇರ್ಪಟ್ಟು ಹೊಸ ಸಭೆಯನ್ನು ಸೇರಿದವನೊಬ್ಬನಿಗೆ ಇದು ಪರರ ಕಥೆಯಾಗಿ ತೋರಿರಲಾರದು. ಅಂಥವನು ತನ್ನಂಥ ಇನ್ನೊಬ್ಬನಿಗೆ ಇದನ್ನು ಕೊಟ್ಟನಾದರೆ ಅದು ಕೇವಲ ಮನೋರಂಜನೆಗೆಂದು ಹೇಳುವ ಹಾಗಿಲ್ಲ. ಬಂಗಾಳಿಯಲ್ಲಿ ಶ್ರೀಮತಿ ಮಲೆನ್ಸರು ೧೮೫೨ರಲ್ಲಿ ಬರೆದ ಫುಲ್ಮಣಿ ಮತ್ತು ಕರುಣೆಯರ ವೃತ್ತಾಂತವೂ ಇದೇ ಜಾತಿಯದು. ಅದು ೧೮೫೮ರಲ್ಲಿಯೇ ಮಲೆಯಾಳಕ್ಕೆ ಬಂದಿತು.

ಇನ್ನು ಸ್ವತಂತ್ರ ಕಾದಂಬರಿ. ೧೮೯೯ರ 'ಇಂದಿರಾಬಾಯಿ'ಯನ್ನು ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ಒಪ್ಪಲಾಗಿದೆ. ಕರ್ತೃ ಗುಲ್ವಾಡಿ ವೆಂಕಟರಾಯರು. ಗುಲ್ವಾಡಿಯು ಕುಂದಾಪುರ ತಾಲೂಕಿನ ಗ್ರಾಮ. ಕರ್ತೃವು ಕೊಂಕಣಿ ಮನೆಮಾತಿನ ಸಾರಸ್ವತ ಬ್ರಾಹ್ಮಣ. ವಿಷಯವು ವಿಧವೆಯ ಪುನರ್ವಿವಾಹ. ಅಚ್ಚಾದುದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಾಲಯದಲ್ಲಿ. ಈ ಮೂರನ್ನು ಒಟ್ಟಿಗೆ ನೋಡಿದವರು ವಿರಳ. ಗುಲ್ವಾಡಿಯವರ ಮನೆಯಲ್ಲಿ ಆಡುತ್ತಿದ್ದ ಭಾಷೆಯನ್ನೇ, ಸ್ವಲ್ಪ ಉಚ್ಚಾರಭೇದದಿಂದ, ಕುಂದಾಪುರದ ಕ್ರೈಸ್ತನೂ ಆಡುತ್ತಿದ್ದನು. ಇಬ್ಬರೂ ಓದುತ್ತಿದ್ದುದು ಕನ್ನಡ ಅಕ್ಷರವನ್ನು. ಕನ್ನಡ ಕಾದಂಬರಿಯು ಹುಟ್ಟಿದಾಗಲೇ ಅದಕ್ಕೆ ಕ್ರೈಸ್ತವಾಚಕನಾಗಬಲ್ಲವನೊಬ್ಬನು ಸಿದ್ಧನಾಗಿದ್ದನು.

ಕೊಂಕಣಿಯೇ ಕನ್ನಡ ಲಿಪಿಯಲ್ಲಿ ಪತ್ರಿಕೆಯಾಗಿ ಬರಲು ೧೯೧೨ರ ವರೆಗೆ ಕಾಯಬೇಕಾಯಿತು. ಲೂಯಿಸ್ ಮಸ್ಕರೇನ್ಹಸರ 'ಕೊಂಕಣಿ ದಿರ್ವೆಂ' ಮೊದಲನೆಯದು. ೧೯೩೮ರಲ್ಲಿ ಮಂಗಳೂರು ಧರ್ಮಪ್ರಾಂತದ 'ರಾಕ್ಣೊ' ಹೊರಟಿತು. ಈ ವಾರಪತ್ರಿಕೆಯು ಮನೆಗೆ ಬಂದ ಮೇಲೆ ಹಳೆಯ ಪುರಾಣಶ್ರವಣವು ಬೇರೊಂದು ವೇಷದಿಂದ ಮರಳಿ ಬಂದಿತೆನ್ನಬೇಕು. ಸಂಜೆ 'ತೇರ್ಸ್', ಎಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಓದುಬಲ್ಲ ಹುಡುಗಿಯೊಬ್ಬಳು ಧಾರಾವಾಹಿಯ ಕಂತನ್ನು ಗಟ್ಟಿಯಾಗಿ ಓದುವುದು, ಅಜ್ಜಿಯರು ಕೇಳುವುದು, ಮರುದಿನ ಆ ಸಂಚಿಕೆಯು ನೆರೆಮನೆಗೆ ಹೋಗುವುದು, ಇದನ್ನು ಈ ಸೀಮೆಯ ವೃದ್ಧರು ಹಲವರು ನಮಗೆ ಹೇಳಿದ್ದಾರೆ. ಪತ್ರಿಕೆಗೆ ಚಂದಾ ಕೊಟ್ಟವರಿಗಿಂತ ಅದನ್ನು ಓದಿದವರೂ ಕೇಳಿದವರೂ ಬಹಳ ಮಂದಿ.

ಇಲ್ಲೊಂದು ಪೂರ್ವಪಕ್ಷವನ್ನು ಪರಿಹರಿಸಬೇಕು. ಕಥೋಲಿಕರಿಗೆ ರೋಮಿನ ನಿಷಿದ್ಧ ಗ್ರಂಥಗಳ ಪಟ್ಟಿಯೊಂದಿತ್ತು, ಡೂಮಾನಂಥ ಕಾದಂಬರಿಕಾರರ ಪ್ರೇಮಕಥೆಗಳೂ ಅದರಲ್ಲಿ ಸೇರಿದ್ದುವು, ಅದು ರದ್ದಾದುದು ೧೯೬೬ರಲ್ಲಿ. ಆದುದರಿಂದ ಅವರ ವಾಚನವು ಪಾದ್ರಿಗಳ ಆಜ್ಞೆಗೆ ಒಳಪಟ್ಟುದು, ಅದನ್ನು ಸಾಹಿತ್ಯರುಚಿಯೆಂದು ಕರೆಯುವುದು ಹೇಗೆ ಎಂದು ಕೆಲವರು ಆಕ್ಷೇಪಿಸಬಹುದು. ನಿಷೇಧವು ಎಲ್ಲಿ ಇರಲಿಲ್ಲ? ಕಾವ್ಯಾಲಾಪವನ್ನು ವರ್ಜಿಸಬೇಕೆಂಬ ವಚನವು ನಮ್ಮಲ್ಲಿಯೂ ಇದೆ. ಅದು ಅಸತ್ಕಾವ್ಯಕ್ಕೆ ಮಾತ್ರ ಸಲ್ಲುವುದೆಂದು ವ್ಯಾಖ್ಯಾತೃಗಳು ದಾರಿ ಮಾಡಿಕೊಟ್ಟರು. ನಾವು ಕಲಿತ ಪಾಠಶಾಲೆಯಲ್ಲಿ ಕನ್ನಡ ಕಾದಂಬರಿಯನ್ನು ತರ್ಕಸಂಗ್ರಹದ ಕೆಳಗೆ ಅಡಗಿಸಿಟ್ಟು ಓದಿ ಸಿಕ್ಕಿಬಿದ್ದವರಲ್ಲಿ ಈ ಲೇಖಕನೂ ಒಬ್ಬನು. ಪುಸ್ತಕವು ಒಲೆಗೆ ಹೋಯಿತು, ಕಥೆಯ ಅಂತ್ಯವನ್ನು ತಿಳಿಯಲು ನಾಲ್ಕು ವರ್ಷ ಹಿಡಿಯಿತು. ನಿಷೇಧವಿದ್ದೆಡೆಯಲ್ಲಿ ಒಬ್ಬ ವಾಚಕನು ಇನ್ನೊಬ್ಬನಿಗೆ ಹೇಳುವ ಶಿಫಾರಸಿನ ಮಾತಿಗೆ ತೂಕವು ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಲಿಪಿಯ ಬಲಕ್ಕೆ ಪ್ರಬಲವಾದ ನಿದರ್ಶನವು ಗೋವೆಯದು. ಅಲ್ಲಿ ರೆಜಿನಾಲ್ಡ್ ಫೆರ್ನಾಂದಿಸರು (೧೯೧೪–೧೯೯೪) ನೂರಕ್ಕೂ ಮಿಕ್ಕಿ ರೊಮಾನ್ಸುಗಳನ್ನು ರೋಮನ್ ಲಿಪಿಯಲ್ಲಿ ಬರೆದು ಜನಪ್ರಿಯರಾದರು. ಅದೇ ಕೊಂಕಣಿ, ಅದೇ ಕಥೋಲಿಕ ಮತ. ಆದರೂ ಕುಂದಾಪುರದ ವೃದ್ಧವಾಚಕರನ್ನು ಅವರ ವಿಷಯ ಕೇಳಿದರೆ ಹೆಸರೇ ಪರಿಚಿತವಲ್ಲ. ಮುಂಬಯಿಯಲ್ಲಿ ದುಡಿದು ಬಂದ ಒಬ್ಬಿಬ್ಬರು ಬಲ್ಲರು. ವಿ. ಜೆ. ಪಿ. ಸಲ್ಡಾನ್ಹರ (೧೯೨೫–೨೦೦೦) ಮಾತು ಹಾಗಲ್ಲ. 'ಖಡಾಪ್' ಎಂಬ ಕಾವ್ಯನಾಮದ ಈ ಲೇಖಕರು 'ಬೆಳ್ತಂಗಡಿಚೊ ಬಾಲ್ತಜಾರ್', 'ದೆವಾಚೆ ಕುರ್ಪೆನ್', 'ಸರ್ದಾರಾಂಚಿ ಸಿನೊಲ್' ಮುಂತಾದ ಕಾದಂಬರಿಗಳನ್ನು ಕನ್ನಡ ಲಿಪಿಯ ಕೊಂಕಣಿಯಲ್ಲಿ ಬರೆದರು. ಇವುಗಳಲ್ಲಿ ೧೭೮೪ರಿಂದ ೧೭೯೯ರ ವರೆಗಿನ ಸೆರೆಯ ಕಥೆಯಿದೆ. ಬಾರ್ಕೂರಿನ ಕಡೆ ಇವನ್ನು ಓದಿದವರು ಕಥೆಯೆಂದು ಓದಿದರೋ, ಮನೆತನದ ವೃತ್ತಾಂತವೆಂದು ಓದಿದರೋ ಹೇಳುವುದು ಕಷ್ಟ. ಐತಿಹಾಸಿಕ ಕಾದಂಬರಿಯನ್ನು ಇತಿಹಾಸವೆಂದೇ ಭ್ರಮಿಸುವ ದೋಷವು ಇದರಲ್ಲಿ ಉಂಟೆಂಬುದನ್ನು ಒಪ್ಪಬೇಕು. ಸೆರೆಗೆ ಹೋದವರ ಸಂಖ್ಯೆಯ ವಿಷಯದಲ್ಲಿಯೇ ಇತಿಹಾಸಕಾರರಲ್ಲಿ ದೊಡ್ಡ ಭಿನ್ನಾಭಿಪ್ರಾಯವಿದೆ.

ಇನ್ನೊಂದು ಪಕ್ಕದಲ್ಲಿ, ಇದೇ ಲಿಪಿಯು ಇವರಿಗೆ ಕನ್ನಡದ ಕಾದಂಬರಿಗಳನ್ನು ತೆರೆದಿಟ್ಟಿತು. ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದ ಶಿವರಾಮ ಕಾರಂತರು ನೆರೆಯವರೇ. ಅವರ 'ಚೋಮನ ದುಡಿ'ಯಲ್ಲಿ (೧೯೩೩) ಭೂಮಿಯ ಆಸೆಯಿಂದ ಕ್ರೈಸ್ತಮತವನ್ನು ಸೇರಹೊರಟ ಚೋಮನು ಪಂಜುರ್ಲಿಯ ಗುಡಿಯ ಬಳಿ ಹಿಂದಿರುಗುತ್ತಾನೆ. ಅವನ ಮಗನೊಬ್ಬನಾದರೋ ಕ್ರೈಸ್ತ ಹುಡುಗಿಯನ್ನು ಒಲಿದು ಆ ಮತವನ್ನು ಸೇರುತ್ತಾನೆ. ಬ್ರಹ್ಮಾವರದ ನಿವೃತ್ತ ಉಪಾಧ್ಯಾಯರೊಬ್ಬರು, ಕ್ರೈಸ್ತರು, ಈ ಕಾದಂಬರಿಯನ್ನು ತಮ್ಮ ಬಳಗದಲ್ಲಿ ಅನೇಕರಿಗೆ ಓದಲು ಕೊಟ್ಟವರು, ನಮ್ಮೊಡನೆ ಹೇಳಿದುದು ನೆನಪಿದೆ: ಚೋಮನ ನೋವು ಅವರಿಗೆ ಪೂರ್ತಿಯಾಗಿ ಸತ್ಯವೆನಿಸಿತು, ಪಾದ್ರಿಗಳ ಚಿತ್ರವು ಹೊರಗಿನಿಂದ ಕಂಡುದೆನಿಸಿತು. ಕೊಡುವಾಗ ಅವರು ಈ ಎರಡು ಮಾತನ್ನೂ ಸೇರಿಸಿಯೇ ಕೊಡುತ್ತಿದ್ದರಂತೆ. ವಿಮರ್ಶೆಯೆಂದು ನಾವು ಬರೆಯುವ ದೀರ್ಘಲೇಖನಗಳಲ್ಲಿ ಇದಕ್ಕಿಂತ ಹೆಚ್ಚಿನದು ಎಷ್ಟಿದೆಯೋ ಕಾಣೆವು.

ಒಳಗಿನಿಂದ ಕಂಡ ಚಿತ್ರವು ಕನ್ನಡದಲ್ಲಿ ಬಂದುದು ಸಾಗರದ ನಾ. ಡಿಸೋಜರಿಂದ (೧೯೩೭–೨೦೨೫). 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂಬ ಅವರ ಕಾದಂಬರಿಯ ಹೆಸರಿನಲ್ಲಿಯೇ ಪೋರ್ತುಗೀಸಿನ 'ಇಗ್ರೇಜ'ವು ಕನ್ನಡದ ಷಷ್ಠೀ ವಿಭಕ್ತಿಯನ್ನು ಧರಿಸಿ ನಿಂತಿದೆ. ಬೈಂದೂರಿನವರಿಗೆ ಕೊಲ್ಲೂರಿನ ಮೇಲೆ ಘಟ್ಟ ಹತ್ತಿದರೆ ಸಾಗರದ ಸೀಮೆ. ಬಂಧುಬಳಗವು ಮೇಲೆಯೂ ಕೆಳಗೆಯೂ ಇದೆ. ೨೦೧೪ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜರು ಅಧ್ಯಕ್ಷರಾದಾಗ ಈ ಭಾಗದ ಇಗರ್ಜಿಗಳ ಅಂಗಳದಲ್ಲಿ ಅವರ ಹೆಸರು ಕೇಳಿಬಂದುದು ಸಹಜವೇ.

ಬಾಸೆಲ್ ಮಿಶನಿನ ಕನ್ನಡ ಗ್ರಂಥಗಳು ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ರಕ್ಷಿತವಾಗಿವೆ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ'ವು (೧೯೭೪) ಆ ಯುಗದ ಲೇಖಕರನ್ನೂ ಮುದ್ರಣವನ್ನೂ ಬೆಳಕಿಗೆ ತಂದಿದೆ. ಮನೆಗಳಲ್ಲಿರುವ ಸಾಮಗ್ರಿಗೆ ಆ ಭಾಗ್ಯವಿಲ್ಲ. ಕಳೆದ ಮಳೆಗಾಲಕ್ಕೆ ಮುಂಚೆ ಬ್ರಹ್ಮಾವರದ ಸಮೀಪದ ಹಳೆಯ ಮನೆಯೊಂದನ್ನು ಕೆಡವುತ್ತಿದ್ದಾಗ, ಧಾರಾವಾಹಿಯ ಹಾಳೆಗಳನ್ನು ಪತ್ರಿಕೆಯಿಂದ ಕತ್ತರಿಸಿ ಚೀಲದ ದಾರದಿಂದ ಹೊಲಿದು ಕಟ್ಟಿದ ಒಂದು ಪುಸ್ತಕವನ್ನು ಮನೆಯವರು ನಮಗೆ ತೋರಿಸಿದರು. ಗೆದ್ದಲು ಅರ್ಧವನ್ನು ತಿಂದಿತ್ತು. ಕೊನೆಯ ರಟ್ಟಿನ ಒಳಗಡೆ ಪೆನ್ಸಿಲಿನಿಂದ, ಕನ್ನಡ ಅಕ್ಷರಗಳಲ್ಲಿ, ಹನ್ನೊಂದು ಮನೆಗಳ ಹೆಸರು ಬರೆದಿದ್ದುವು. ಪುಸ್ತಕವು ಮರಳಿ ಬಂದ ಹಾಗೆ ಒಂದೊಂದನ್ನೇ ಗೀಟು ಎಳೆದು ಹೊಡೆದಿದ್ದರು. ಎರಡು ಹೆಸರುಗಳು ಸಿರಿಯನ್ ಸಭೆಯವರ ಮನೆಗಳದು, ಒಂದು ಬಂಟರ ಮನೆಯದು. ಆ ಪಟ್ಟಿಯನ್ನು ನಾವು ಪ್ರತಿಮಾಡಿಕೊಂಡಿದ್ದೇವೆ. ಇಂಥವುಗಳು ಇನ್ನಾವ ಮನೆಗಳಲ್ಲಿ ಉಳಿದಿವೆಯೆಂಬುದನ್ನು ಬಲ್ಲ ವಾಚಕ ಮಹಾಶಯರು ಸಂಪಾದಕರ ಮೂಲಕ ತಿಳಿಸಿದರೆ ಉಪಕೃತರಾಗುವೆವು.