ನಾಗವಲ್ಲಿಯ ತೆಲುಗು: ಪೂರ್ವ ಕೋಲಾರದ ಮಕ್ಕಳ ಭಯದ ಚರಿತ್ರೆಗೆ ಒಂದು ತಿದ್ದುಪಡಿ

‘ಆಪ್ತಮಿತ್ರ’ದ ನಾಗವಲ್ಲಿ ತೆಲುಗಿನಲ್ಲಿ ಮಾತಾಡುವುದೇಕೆ ಎಂಬ ಪ್ರಶ್ನೆಗೆ ನಮ್ಮ ಚಿತ್ರವಿಮರ್ಶೆ ಸಿದ್ಧ ಉತ್ತರವೊಂದನ್ನು ಇಟ್ಟುಕೊಂಡಿದೆ. ಫಾಜಿಲ್ ನಿರ್ದೇಶಿಸಿದ ಮಲಯಾಳಂ ಮೂಲ ‘ಮಣಿಚಿತ್ರತಾಳ್’ (1993) ಚಿತ್ರದಲ್ಲಿ ತಂಜಾವೂರಿನ ನರ್ತಕಿ ತಮಿಳಾಡುತ್ತಾಳೆ. ಪಿ. ವಾಸು ಅದನ್ನು 2004ರಲ್ಲಿ ಕನ್ನಡಕ್ಕೆ ತಂದಾಗ ನರ್ತಕಿ ತೆಲುಗಿನವಳಾದಳು. ಮರುವರ್ಷ ಅವರೇ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದಾಗಲೂ ತೆಲುಗೇ ಉಳಿಯಿತು. ಹಿಂದಿಯ ‘ಭೂಲ್ ಭುಲೈಯಾ’ಕ್ಕೆ (2007) ಬರುವ ಹೊತ್ತಿಗೆ ಅವಳು ಬಂಗಾಳಿಯಾದಳು. ಪ್ರತಿ ಸಲವೂ ನೆರೆಯ ಭಾಷೆ. ಇದರಿಂದ ಎಳೆಯುವ ತೀರ್ಮಾನವೆಂದರೆ, ತನಗೆ ಗೊತ್ತಿಲ್ಲದ ಭಾಷೆ ಗೊತ್ತಿರುವ ಬಾಯಿಂದ ಬಂದಾಗಲೇ ಪ್ರೇಕ್ಷಕ ಬೆಚ್ಚುತ್ತಾನೆ, ಆದ್ದರಿಂದ ದೆವ್ವಕ್ಕೆ ಪರಭಾಷೆ ಬೇಕು.

ಕೇಳುವುದಕ್ಕೆ ಸೊಗಸಾಗಿದೆ. ಆದರೆ ಕೋಲಾರ ಜಿಲ್ಲೆಯ ಪೂರ್ವದ ಅಂಚಿಗೆ, ಅಂದರೆ ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು ಸೀಮೆಗೆ, ಈ ಮಾತು ಒಂದಿಷ್ಟೂ ಹೊಂದುವುದಿಲ್ಲ. ‘ಅದೊಂದು ಗಡಿಯ ಅಪವಾದ’ ಎಂದು ಪಕ್ಕಕ್ಕೆ ಸರಿಸಲೂ ಬರುವುದಿಲ್ಲ. ನಾಗವಲ್ಲಿಯಾಗಿ ನಟಿಸಿದ ಸೌಂದರ್ಯಾ ಮುಳಬಾಗಿಲು ತಾಲ್ಲೂಕಿನವರು. ವಾದಕ್ಕೆ ಆಧಾರವಾದ ಮುಖವೇ ಈ ಸೀಮೆಯದಾಗಿರುವಾಗ, ಈ ಸೀಮೆಯ ಮಕ್ಕಳು ಆ ಮುಖವನ್ನು ಹೇಗೆ ಕಂಡರು ಎಂದು ಕೇಳದೆ ಬರೆದದ್ದನ್ನು ನಾನು ಚರಿತ್ರೆ ಎಂದು ಒಪ್ಪಲಾರೆ.

ಮೊದಲು ಭಾಷೆಯ ನೆಲವನ್ನು ನೋಡೋಣ. ಬಂಗಾರಪೇಟೆಯಿಂದ ಮದ್ರಾಸಿನ ಕಡೆ ಹೊರಟ ರೈಲು ಕಾಮಸಮುದ್ರ, ಬಿಸಾನತ್ತಂ, ಗುಡುಪಲ್ಲಿ ದಾಟಿದರೆ ಕುಪ್ಪಂ. ರಾಜ್ಯ ಬದಲಾಗುತ್ತದೆ, ಡಬ್ಬಿಯೊಳಗಿನ ಮಾತು ಬದಲಾಗುವುದಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಇಲ್ಲಿನ ಅಸಂಖ್ಯ ಕುಟುಂಬಗಳ ರೂಢಿ. ಕೆಜಿಎಫ್‌ನ ಚಿನ್ನದ ಗಣಿಯ ಕಡೆಗೆ ಹೋದರೆ ಉತ್ತರ ಆರ್ಕಾಟಿನಿಂದ ಬಂದವರ ತಮಿಳು, ಚಿತ್ತೂರಿನಿಂದ ಬಂದವರ ತೆಲುಗು, ಆಂಗ್ಲೋ ಇಂಡಿಯನ್ನರ ಇಂಗ್ಲಿಷ್ ಒಂದೇ ಊರಿನಲ್ಲಿ. ಗಣಿ ಕಂಪನಿಯ ಲೈನ್ ಮನೆಗಳಲ್ಲಿ ಗೋಡೆಗೆ ಗೋಡೆ ತಾಗಿ ಬೆಳೆದ ಮಗುವಿಗೆ ಪಕ್ಕದ ಮನೆಯ ಜಗಳ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ. ಮಾರಿಕುಪ್ಪಂನಲ್ಲೋ ಆಂಡರ್‌ಸನ್‌ಪೇಟೆಯಲ್ಲೋ ಕೂತು ಸಿನಿಮಾ ನೋಡುವ ಮಗುವಿಗೆ ತೆಲುಗು ಪರಭಾಷೆ ಎಂದು ಯಾರಾದರೂ ಬರೆದರೆ ಅವರು ಆ ಊರಿನಲ್ಲಿ ರೈಲು ಇಳಿದಿಲ್ಲವೆಂದೇ ತಿಳಿಯಬೇಕಾಗುತ್ತದೆ.

ಇನ್ನು ಚಿತ್ರದೊಳಗಿನ ಸಾಕ್ಷ್ಯ. ಇಡೀ ವಾದ ನಿಂತಿರುವುದು ಗಂಡ ಹೊರಗೆ ಹೋಗಬೇಡವೆಂದಾಗ ಸೌಂದರ್ಯಾ ನಟಿಸಿದ ಗಂಗಾ ನಾಗವಲ್ಲಿಯಾಗಿ ಬದಲಾಗುವ ದೃಶ್ಯದ ಮೇಲೆ. ಮೊದಲು ಮಾತು, ಆಮೇಲೆ ಹಟ, ಆಮೇಲೆ ಕಣ್ಣು, ಕೊನೆಗೆ ಗಂಟಲು. ವಿಮರ್ಶಕರು ಇಲ್ಲಿ ಭಾಷೆ ಬದಲಾದ ಕ್ಷಣವನ್ನು ಹಿಡಿದು ‘ಅನ್ಯ’ ಒಳಹೊಕ್ಕಿತು ಎನ್ನುತ್ತಾರೆ. ನನ್ನ ಓದು ಇದಕ್ಕೆ ತಿರುವುಮುರುವು. ಎರಡು ಭಾಷೆಯ ಮನೆಯಲ್ಲಿ ಬೆಳೆದವರನ್ನು ಕೇಳಿ ನೋಡಿ. ನೆಂಟರೆದುರು, ಮೇಷ್ಟರೆದುರು ಕನ್ನಡದಲ್ಲಿ ಸಮಾಧಾನವಾಗಿ ಮಾತಾಡುವ ತಾಯಿ ಸಿಟ್ಟು ನೆತ್ತಿಗೇರಿದಾಗ ಒಳಮನೆಯ ಭಾಷೆಗೆ ಜಾರುತ್ತಾಳೆ. ಬೈಗುಳ, ಶಾಪ, ಅಳು ಮೂರೂ ಬರುವುದು ಆ ಭಾಷೆಯಲ್ಲೇ. ಕನ್ನಡದಿಂದ ತೆಲುಗಿಗೆ ಹೊರಳುವ ಹೆಣ್ಣುದನಿ ಮುಳಬಾಗಿಲಿನ ಮಗುವಿಗೆ ಹೊರಗಿನಿಂದ ಬಂದ ಪ್ರೇತದ ಗುರುತಲ್ಲ. ಅಮ್ಮ ಈಗ ಅಮ್ಮನಾಗಿ ಉಳಿದಿಲ್ಲ ಎಂಬುದರ ಗುರುತು. ಮಗು ಬೆಚ್ಚುವುದು ಮಾತು ತಿಳಿಯದ್ದಕ್ಕಲ್ಲ, ಪ್ರತಿ ಅಕ್ಷರವೂ ತಿಳಿದದ್ದಕ್ಕೆ. ಚಿತ್ರವೂ ನೋಡುಗನನ್ನು ಕತ್ತಲಲ್ಲಿ ಬಿಡುವುದಿಲ್ಲ. ನಾಗವಲ್ಲಿ ಯಾರು, ರಾಜ ಅವಳ ಪ್ರಿಯಕರನನ್ನು ಏನು ಮಾಡಿದ, ಅವಳಿಗೆ ಈಗ ಬೇಕಾದದ್ದೇನು ಎಂಬುದೆಲ್ಲ ಕನ್ನಡದಲ್ಲೇ ನಮಗೆ ತಿಳಿದಿರುತ್ತದೆ. ಅರ್ಥವಾಗದಿರುವಿಕೆಯಿಂದಲೇ ಭಯ ಹುಟ್ಟುವುದಾಗಿದ್ದರೆ ನಿರ್ದೇಶಕ ಈ ಕಥೆಯನ್ನು ಬಚ್ಚಿಡಬೇಕಿತ್ತು.

‘ರಾ ರಾ’ ಹಾಡನ್ನು ಈ ಸೀಮೆಯ ಮಕ್ಕಳು ಆಟದಲ್ಲಿ ಸಲೀಸಾಗಿ ಹಾಡಿಕೊಂಡು ಕುಣಿದದ್ದಕ್ಕೂ ಇದೇ ಕಾರಣ. ಪರಕೀಯವೆನಿಸಿದ್ದರೆ ಅದು ನಾಲಗೆಗೆ ಅಷ್ಟು ಬೇಗ ಒಗ್ಗುತ್ತಿರಲಿಲ್ಲ. ಕೆಜಿಎಫ್‌ನ ತಮಿಳು ಮನೆಗಳ ಮಕ್ಕಳು ಒಂದೇ ಕಥೆಯನ್ನು ಎಂಟು ತಿಂಗಳೊಳಗೆ ಎರಡು ಸಲ, ವಿಷ್ಣುವರ್ಧನ್ ಜೊತೆ ಒಮ್ಮೆ, ರಜನಿಕಾಂತ್ ಜೊತೆ ಒಮ್ಮೆ ನೋಡಬಹುದಾಗಿತ್ತು. ಎರಡರಲ್ಲೂ ಮನೆಯ ಭಾಷೆ ಬೇರೆ, ದೆವ್ವದ ಭಾಷೆ ಒಂದೇ. ಹೀಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಬೆಂಗಳೂರಿನ ವಿಮರ್ಶಕರಿಗೂ ಇತ್ತು. ಬಳಸಿಕೊಂಡವರು ಕಡಿಮೆ.

ಸೌಂದರ್ಯಾ 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ‘ಆಪ್ತಮಿತ್ರ’ ತೆರೆಗೆ ಬಂದದ್ದು ಆಗಸ್ಟ್ 27ಕ್ಕೆ. ಚಿತ್ರದ ಮೇಲೆ ಬಿದ್ದ ಈ ಸಾವಿನ ನೆರಳನ್ನು ಅಭಿಮಾನಿಗಳ ಭಾವುಕತೆಯೆಂದು ತಳ್ಳಿಹಾಕುವುದು ವಿದ್ವತ್ತಿನ ಲಕ್ಷಣವೆಂದು ಕೆಲವರು ಭಾವಿಸಿದ್ದಾರೆ. ನಾನು ಭಾವಿಸಿಲ್ಲ. ತೀರಿಹೋದ ನರ್ತಕಿಯ ಪಾತ್ರದಲ್ಲಿ ತೀರಿಹೋದ ನಟಿ, ಅದೂ ಇಲ್ಲಿನವರಿಗೆ ತಮ್ಮದೇ ಸೀಮೆಯ ಹೆಣ್ಣುಮಗಳು. ಇದು ಚಿತ್ರದ ಹೊರಗಿನ ಸಂಗತಿ ನಿಜ. ಆದರೆ ಮಕ್ಕಳ ಪಕ್ಕದಲ್ಲಿ ಕೂತ ದೊಡ್ಡವರಿಗೆ ಅದು ಗೊತ್ತಿತ್ತು, ದೊಡ್ಡವರು ಮಾತಾಡಿದ್ದು ಮಕ್ಕಳ ಕಿವಿಗೆ ಬಿತ್ತು. ಭಯದ ಚರಿತ್ರೆಯಲ್ಲಿ ತೆರೆಯ ಮೇಲೆ ಕಂಡದ್ದಕ್ಕೂ ಪಕ್ಕದ ಕುರ್ಚಿಯಲ್ಲಿ ಕೇಳಿದ್ದಕ್ಕೂ ಗೆರೆ ಎಳೆಯಲು ನನಗೆ ಆಗದು. ಶಿವಮೊಗ್ಗದಲ್ಲೋ ಕಾರವಾರದಲ್ಲೋ ನೋಡಿದವರಿಗೆ ಪರಭಾಷೆಯ ವಾದ ಒಪ್ಪುತ್ತದೆ ಎನ್ನುವುದಾದರೆ ಅಷ್ಟರಮಟ್ಟಿಗೆ ನಾನು ತಕರಾರು ತೆಗೆಯುವುದಿಲ್ಲ. ‘ಕನ್ನಡ ಪ್ರೇಕ್ಷಕ’ ಎಂಬ ಒಬ್ಬನೇ ಮನುಷ್ಯನನ್ನು ಕಲ್ಪಿಸಿಕೊಂಡು ಅವನ ಬೆನ್ನುಹುರಿಯ ನಡುಕವನ್ನು ಎಲ್ಲರಿಗೂ ಹಂಚುವುದಕ್ಕೆ ಮಾತ್ರ ನನ್ನ ವಿರೋಧ.

ಪರಭಾಷೆಯ ಈ ಓದಿಗೆ ಅಂಟಿಕೊಂಡು ಇನ್ನೊಂದು ತಪ್ಪು ಬಂದಿದೆ. ದೆವ್ವವೋ ಕಾಯಿಲೆಯೋ, ಮಂತ್ರವಾದಿಯೋ ಡಾಕ್ಟರೋ ಎಂಬ ಪ್ರಶ್ನೆ ಕನ್ನಡದ ತೆರೆಗೆ ಕೇರಳದಿಂದ ‘ಆಪ್ತಮಿತ್ರ’ದ ಮೂಲಕ ಬಂತು ಎನ್ನುವುದು. ಹಾಗೆನ್ನುವವರು ‘ತುಳಸೀದಳ’ವನ್ನು (1985) ಮರೆತಿದ್ದಾರೆ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯನ್ನು ಕನ್ನಡದಲ್ಲಿ ಚಿತ್ರವಾಗಿಸಿದವರು ವೇಮಗಲ್ ಜಗನ್ನಾಥ ರಾವ್. ವೇಮಗಲ್ ಕೋಲಾರ ತಾಲ್ಲೂಕಿನ ಹೋಬಳಿ. ನಿರ್ದೇಶಕರ ಹೆಸರಿನಲ್ಲೇ ಊರಿದೆ. ಚಿತ್ರದ ಪಟ್ಟಿ ಮಾಡುವವರು ಅದನ್ನೂ ಗಮನಿಸಿಲ್ಲ.

‘ತುಳಸೀದಳ’ದ ಕಥೆಯಲ್ಲಿ ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ಮಾಟ ನಡೆಯುತ್ತದೆ. ಯಂಡಮೂರಿ ವೈದ್ಯರ ದಾರಿಯನ್ನೂ ಮಾಂತ್ರಿಕರ ದಾರಿಯನ್ನೂ ಜೊತೆಜೊತೆಗೇ ನಡೆಸಿ, ಮಗು ಉಳಿದದ್ದು ಯಾವುದರಿಂದ ಎಂಬುದನ್ನು ಓದುಗನಿಗೆ ಬಿಡುತ್ತಾರೆ. ಇದನ್ನು ಮೂಢನಂಬಿಕೆಯ ಪ್ರಚಾರವೆಂದು ತೆಲುಗು ಲೇಖಕಿ ರಂಗನಾಯಕಮ್ಮ ಕಟುವಾಗಿ ಖಂಡಿಸಿದರು. ಅವರ ವಿಮರ್ಶೆ ತೆಲುಗು ಸಾಹಿತ್ಯದಲ್ಲಿ ದೊಡ್ಡ ಜಗಳವನ್ನೇ ಎಬ್ಬಿಸಿತು. ರಂಗನಾಯಕಮ್ಮನವರ ಬಗ್ಗೆ ನನಗೆ ಗೌರವ ಬಹಳ, ಮಾಟದ ಹೆಸರಿನಲ್ಲಿ ಹೊಡೆತ ತಿನ್ನುವವರು ಯಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಖಂಡನೆಯನ್ನೇ ನೆಪವಾಗಿಸಿ ಕನ್ನಡ ಚಿತ್ರವನ್ನು ಚರಿತ್ರೆಯಿಂದಲೇ ಬಿಡುವುದು ಬೇರೆ ವಿಷಯ. ‘ನಾ ನಿನ್ನ ಬಿಡಲಾರೆ’ (1979) ಚಿತ್ರದಲ್ಲಿ ಕಾಮಿನಿ ಪ್ರೇತವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಅಲ್ಲಿ ಭಯವಿದೆ, ಪ್ರಶ್ನೆಯಿಲ್ಲ. ಆ ಭಯ ಮನೆಗೆ ಬಂದು ದೇವರ ಪಟದ ಮುಂದೆ ನಿಂತರೆ ಇಳಿಯುತ್ತದೆ. ಮಾಟದ ಭಯ ಹಾಗಲ್ಲ. ಮಾಟ ಮಾಡಿಸುವವರು ಬದುಕಿರುವ ಮನುಷ್ಯರು, ಅದೇ ಬೀದಿಯವರು, ನಾಳೆ ಬೆಳಗ್ಗೆ ನಲ್ಲಿಯ ಹತ್ತಿರ ಸಿಕ್ಕುವವರು. ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ದಾಟದೆ ಸುತ್ತಿ ಹೋಗಬೇಕೆಂದು ಕಲಿತ ಮಗುವಿಗೆ, ತುಳಸಿಯ ವಯಸ್ಸು ತನ್ನದೇ ವಯಸ್ಸು ಎಂದು ಹೊಳೆದರೆ ಸಾಕು.

ಆಸ್ಪತ್ರೆ, ಮಂತ್ರ ಎರಡೂ ಮಗುವಿನ ಕಣ್ಣಿಗೆ ಬೀಳುತ್ತಿದ್ದ ಊರು ಇದು. ಚಾಂಪಿಯನ್ ರೀಫ್‌ನಲ್ಲಿ ಕಂಪನಿಯ ದೊಡ್ಡ ಆಸ್ಪತ್ರೆ, ಲೈನಿನ ತುದಿಯಲ್ಲಿ ಮಾರಿಯಮ್ಮ. ಜ್ವರ ಬಂದ ಕೂಸಿಗೆ ಬೆಳಗ್ಗೆ ಚೀಟಿ ಬರೆಸಿ ಔಷಧ, ಸಂಜೆ ಬೇವಿನಸೊಪ್ಪು. ಇಷ್ಟೇ ಆಗಿದ್ದರೆ ಯಾವ ಊರಿನಲ್ಲೂ ಇರುವ ಸಂಗತಿ. ಆದರೆ ಇಲ್ಲಿ ಮೂರನೆಯ ದನಿಯೊಂದಿತ್ತು, ಅದನ್ನು ಕನ್ನಡದಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಅಯೋತಿ ದಾಸ ಪಂಡಿತರ ಬೌದ್ಧ ಚಳವಳಿ ಮಾರಿಕುಪ್ಪಂ, ಚಾಂಪಿಯನ್ ರೀಫ್‌ನ ಗಣಿ ಕಾರ್ಮಿಕರಲ್ಲಿ ಬೇರುಬಿಟ್ಟಿತ್ತು. ಅವರು ನಡೆಸಿದ ‘ತಮಿಳನ್’ ಪತ್ರಿಕೆಯನ್ನು 1920ರ ದಶಕದಲ್ಲಿ ಜಿ. ಅಪ್ಪಾದುರೈಯಾರ್ ಕೆಜಿಎಫ್‌ನಿಂದಲೇ ಮತ್ತೆ ಹೊರಡಿಸಿದರು. ದೆವ್ವ, ಶಕುನ, ಬಲಿ ಇವನ್ನು ಪ್ರಶ್ನಿಸುವುದು ದಲಿತ ಕಾರ್ಮಿಕರ ಮನೆಯೊಳಗಿನ ಚರ್ಚೆಯಾಗಿತ್ತು, ಮೇಲಿನವರು ಬಂದು ಕಲಿಸಿದ್ದಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರೂ ಆಗಿನ ಕೋಲಾರ ಜಿಲ್ಲೆಯ ಗೌರಿಬಿದನೂರಿನ ಕಡೆಯವರೇ. ಅವರನ್ನು ಎಲ್ಲರೂ ನೆನೆಯುತ್ತಾರೆ, ಅಪ್ಪಾದುರೈಯಾರ್ ಅವರನ್ನು ಮಾತ್ರ ತಮಿಳಿನವರ ಪಾಲಿಗೆ ಬಿಟ್ಟಿದ್ದೇವೆ. ಕನ್ನಡದ ವೈಚಾರಿಕತೆಯ ಚರಿತ್ರೆ ಬರೆಯುವವರ ಈ ಅಸಡ್ಡೆ ನನ್ನನ್ನು ನೋಯಿಸುತ್ತದೆ.

ಟಿವಿಯ ಕಾಲಕ್ಕೆ ಬಂದರೂ ಇದೇ ಪ್ರಶ್ನೆ. ಸನ್ ಟಿವಿ 1993ರಲ್ಲಿ ಆರಂಭವಾಯಿತು. ಅದೇ ದಶಕದ ಕೊನೆಯ ಭಾಗದಲ್ಲಿ ಅದರಲ್ಲಿ ಬಂದ ‘ಮರ್ಮದೇಶಂ’ ಸರಣಿಯ ‘ವಿಡಾದು ಕರುಪ್ಪು’ ತಮಿಳು ಬಲ್ಲ ಮಕ್ಕಳ ನೆನಪಿನಲ್ಲಿ ಇಂದಿಗೂ ಗಟ್ಟಿಯಾಗಿ ಕೂತಿದೆ. ಕಥೆ ಇಂದಿರಾ ಸೌಂದರ್‌ರಾಜನ್, ನಿರ್ದೇಶನ ನಾಗ, ನಿರ್ಮಾಣ ಕೆ. ಬಾಲಚಂದರ್ ಅವರ ಮಿನ್ ಬಿಂಬಂಗಳ್. ತಪ್ಪು ಮಾಡಿದವರನ್ನು ರಾತ್ರಿ ಕುದುರೆಯೇರಿ ಬಂದು ಶಿಕ್ಷಿಸುವ ಕರುಪ್ಪಸಾಮಿ. ಇದು ದೈವದ ಕೆಲಸವೋ ಮನಸ್ಸಿನ ರೋಗವೋ ಎಂಬ ಶಂಕೆಯೇ ಕಥೆಯ ಬೆನ್ನೆಲುಬು. ಕನ್ನಡ ಟಿವಿಯ ಚರಿತ್ರೆಗಳಲ್ಲಿ ಇದಕ್ಕೆ ಜಾಗವಿಲ್ಲ, ಕಾರಣ ಅದು ತಮಿಳು. ಕರ್ನಾಟಕದ ಒಂದು ಊರಿನ ಮಕ್ಕಳು ಹೆದರಿದ್ದು ಕರ್ನಾಟಕದ ಚರಿತ್ರೆಯಲ್ಲದೆ ಇನ್ನಾವುದರ ಚರಿತ್ರೆ?

ರಾಮಾನಂದ ಸಾಗರರ ‘ವಿಕ್ರಮ್ ಔರ್ ಬೇತಾಳ್’ (1985) ಹಿಂದಿಯಲ್ಲಿತ್ತು, ಗೊತ್ತಿಲ್ಲದ ಭಾಷೆಯ ಬೇತಾಳ ಹೆದರಿಸಿದನಲ್ಲ ಎಂದು ಪರಭಾಷೆಯ ವಾದಿಗಳು ಕೇಳಬಹುದು. ಬೇತಾಳನ ಕಥೆಯನ್ನು ಈ ಮಕ್ಕಳು ಮೊದಲೇ ಓದಿದ್ದರು. ಮದ್ರಾಸಿನ ವಡಪಳನಿಯಿಂದ ಬರುತ್ತಿದ್ದ ‘ಚಂದಮಾಮ’ ಕನ್ನಡ ಮತ್ತು ತೆಲುಗಿನಲ್ಲಿ, ‘ಅಂಬುಲಿಮಾಮ’ ಎಂಬ ಹೆಸರಿನಲ್ಲಿ ತಮಿಳಿನಲ್ಲಿ, ಅದೇ ಕಥೆಯನ್ನು ಅದೇ ಚಿತ್ರದೊಂದಿಗೆ ತಿಂಗಳು ತಿಂಗಳೂ ಕೊಡುತ್ತಿತ್ತು. ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಶವ: ಶಂಕರ್ ಬರೆದ ಆ ಚಿತ್ರ ಮೂರು ಭಾಷೆಯ ಮನೆಗಳಿಗೂ ಒಂದೇ. ಟಿವಿಯಲ್ಲಿ ಸಜ್ಜನ್ ಬೇತಾಳನಾಗಿ ಅರುಣ್ ಗೋವಿಲ್ ಹೆಗಲೇರಿದಾಗ ಹಿಂದಿ ಬಾರದ ಮಗುವಿಗೂ ಮುಂದೇನು ಎಂದು ಗೊತ್ತಿತ್ತು. ಇಲ್ಲಿಯೂ ಹೆದರಿಸಿದ್ದು ಗೊತ್ತಿದ್ದ ಸಂಗತಿಯೇ. ರಾಮ್ಸೆ ಸಹೋದರರ ‘ಜೀ ಹಾರರ್ ಶೋ’ ಮಾತ್ರ ಬೇರೆ ಜಾತಿಯದು. ಅದರ ಭಯವೆಲ್ಲ ಸದ್ದು ಮತ್ತು ಮುಖವಾಡದ್ದು. ಅದನ್ನು ವಾದಕ್ಕೆ ಎಳೆಯುವುದರಿಂದ ಯಾರಿಗೂ ಲಾಭವಿಲ್ಲ.

ಗಣಿಯ ಸದ್ದನ್ನೂ ಬಿಡಬಾರದು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದವು. ಶಿಲಾ ಯಂತ್ರಶಾಸ್ತ್ರದ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಕೆಜಿಎಫ್‌ನಲ್ಲೇ. ನೆಲದಡಿಯ ಕಾಣದ ಶಕ್ತಿಯನ್ನು ಅಳೆಯುವವರೂ ಅದಕ್ಕೆ ಕೈಮುಗಿದು ಪಾಳಿಗೆ ಇಳಿಯುವವರೂ ಒಂದೇ ಬೀದಿಯಲ್ಲಿದ್ದ ಊರಿನಲ್ಲಿ, ಡಾಕ್ಟರೋ ಮಂತ್ರವಾದಿಯೋ ಎಂಬ ಪ್ರಶ್ನೆ ಕೇರಳದಿಂದ ಬರುವವರೆಗೆ ಕಾಯಬೇಕಾಗಿರಲಿಲ್ಲ.

ರಾಮ್ ಗೋಪಾಲ್ ವರ್ಮಾ ಅವರ ‘ಫೂಂಕ್’ (2008) ಈ ಸಾಲಿಗೇ ಸೇರಬೇಕಾದ ಚಿತ್ರ. ದೇವರನ್ನು ನಂಬದ ತಂದೆ, ಮಾಟಕ್ಕೆ ಸಿಕ್ಕ ಮಗಳು. ನಿರ್ದೇಶಕ ತೆಲುಗಿನವರು, ತಂದೆಯಾಗಿ ನಟಿಸಿದವರು ಕನ್ನಡದ ಸುದೀಪ್. ಭಾಷೆಯ ಖಾನೆಗಳಲ್ಲಿ ಹಂಚಿದರೆ ಅದು ಹಿಂದಿ ಚಿತ್ರ, ‘ತುಳಸೀದಳ’ ತೆಲುಗಿನ ಆಮದು, ‘ಆಪ್ತಮಿತ್ರ’ ಮಲಯಾಳದ ರೀಮೇಕ್, ‘ವಿಡಾದು ಕರುಪ್ಪು’ ನಮ್ಮದಲ್ಲ. ‘ನಾ ನಿನ್ನ ಬಿಡಲಾರೆ’ಯಿಂದ ನೇರವಾಗಿ ಉಪೇಂದ್ರರ ‘ಶ್!’ಗೆ (1993) ನೆಗೆಯುವ ಕನ್ನಡ ಹಾರರ್ ಚಿತ್ರಗಳ ಪಟ್ಟಿ ಯಾರಲ್ಲಿದೆಯೋ ಅವರು ಅದರಲ್ಲಿ 1985ರ ಎದುರಿಗೆ ವೇಮಗಲ್ ಜಗನ್ನಾಥ ರಾವ್ ಅವರ ಹೆಸರನ್ನು ಮೊದಲು ಬರೆದುಕೊಳ್ಳಲಿ. ನಾಗವಲ್ಲಿಯ ತೆಲುಗಿನ ಬಗ್ಗೆ ಆಮೇಲೆ ಕೂತು ಮಾತಾಡೋಣ.